ಹಡಗನ್ನು ಕಾಗದಕ್ಕಿಳಿಸಿದ ಮ್ಯಾಥ್ಯೂ ಬೇಕರ್: ಹೊಟ್ಟೆಕಿಚ್ಚಿನ ಮುದುಕನಾ, ಸರಿ ಹೇಳಿ ಸೋತವನಾ?

ಹಡಗುಹುಚ್ಚು

ಒಂದು ವಾರದಿಂದ ಒಬ್ಬ ಮನುಷ್ಯ ನನ್ನ ತಲೆಯೊಳಗೆ ಬಂದು ಕೂತಿದ್ದಾನೆ. ಏಳು ಅಂದರೂ ಏಳ್ತಾ ಇಲ್ಲ. ಅದಕ್ಕೇ ಇಲ್ಲಿ ಹಾಕ್ತಾ ಇದ್ದೀನಿ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಹೆಸರು ಮ್ಯಾಥ್ಯೂ ಬೇಕರ್. ಇಂಗ್ಲೆಂಡಿನವನು. ಸುಮಾರು 1530ರಲ್ಲಿ ಹುಟ್ಟಿ 1613ರಲ್ಲಿ ತೀರಿಕೊಂಡ. ಎಂಟನೇ ಹೆನ್ರಿಯಿಂದ ಒಂದನೇ ಜೇಮ್ಸ್‌ವರೆಗೆ ಐದು ದೊರೆಗಳ ಕಾಲ ಕಂಡವನು. ಕೆಲಸ ಹಡಗು ಕಟ್ಟೋದು. ಅಪ್ಪ ಜೇಮ್ಸ್ ಬೇಕರ್ ಕೂಡ ಅದೇ ಕಸುಬು, ಎಂಟನೇ ಹೆನ್ರಿಯ ಹಡಗು ಬಡಗಿ. ಅಪ್ಪನದು ಒಂದು ಸಣ್ಣ ಕಥೆ ಇದೆ. 1546ರಲ್ಲಿ ನಿಷೇಧಿಸಿದ ಧಾರ್ಮಿಕ ಪುಸ್ತಕಗಳು ಈತನ ಹತ್ತಿರ ಸಿಕ್ಕಿಬಿದ್ದವು. ಆ ಕಾಲದಲ್ಲಿ ಅದಕ್ಕೆ ತಲೆಯೇ ಹೋಗಬಹುದಿತ್ತು. ಆದರೆ ವಿಚಾರಣೆ ಮಾಡುವವರಿಗೆ ರಾಜನಿಂದಲೇ ಮಾತು ಹೋಯಿತು: ಆತ ತೀರಾ ಸಾಧು ಮನುಷ್ಯ, ಜಾಸ್ತಿ ಹೆದರಿಸದೆ ಕೇಳಿ ಅಂತ. ಒಳ್ಳೆ ಹಡಗು ಬಡಗಿ ಅಂದರೆ ರಾಜನಿಗೂ ಬಿಟ್ಟುಕೊಡೋಕೆ ಮನಸ್ಸಿಲ್ಲ!

ಮಗ ಮ್ಯಾಥ್ಯೂ ಇಪ್ಪತ್ತರ ವಯಸ್ಸಿನಲ್ಲಿ, 1550–51ರಲ್ಲಿ, 'ಬಾರ್ಕ್ ಆಚರ್' ಅನ್ನೋ ಹಡಗು ಹತ್ತಿ ಮೆಡಿಟರೇನಿಯನ್‌ಗೆ ಹೋಗಿ ಬಂದ. ಕ್ಯಾಪ್ಟನ್ ರೋಜರ್ ಬೋಡನ್‌ಹ್ಯಾಮ್. ಕ್ರೀಟ್, ಕಿಯೋಸ್ ದ್ವೀಪಗಳವರೆಗೆ ಪಯಣ. ಅದೇ ಹಡಗಿನಲ್ಲಿ ರಿಚರ್ಡ್ ಚಾನ್ಸೆಲರ್ ಕೂಡ ಇದ್ದ, ಮುಂದೆ ರಷ್ಯಾಕ್ಕೆ ಸಮುದ್ರದ ದಾರಿ ಹುಡುಕಿದವನು. ಅಲ್ಲಿ ಬೇಕರ್ ವೆನಿಸ್‌ನವರ, ಗ್ರೀಕರ ಹಡಗುಗಳನ್ನು ಕಣ್ಣಾರೆ ನೋಡಿದ. ಎಷ್ಟೋ ವರ್ಷ ಆದಮೇಲೆ ಅವನು ಬರೆದಿಟ್ಟ ಹಾಳೆಗಳಲ್ಲಿ ಆ ಕಡೆಯ ಹಡಗುಗಳ ಆಕಾರಗಳು ಕಾಣಿಸ್ತವೆ.

ಆ ಹಾಳೆಗಳೇ ಈ ಚರ್ಚೆಗೆ ಕಾರಣ. ಇಂಗ್ಲೆಂಡಿನಲ್ಲಿ ಹಡಗಿನ ವಿನ್ಯಾಸವನ್ನು ಅಳತೆಗೆ ತಕ್ಕಂತೆ ಕಾಗದದ ಮೇಲೆ ಬರೆದಿಟ್ಟ ಮೊದಲಿಗ ಬೇಕರ್. ಅದಕ್ಕೂ ಮುಂಚೆ ವಿದ್ಯೆ ಎಲ್ಲ ಬಾಯಲ್ಲಿ, ಕೈಯಲ್ಲಿ, ಮರದ ಅಚ್ಚುಗಳಲ್ಲಿ. ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ. ಹೊರಗಿನವರಿಗೆ ಹೇಳೋದಿಲ್ಲ. ಬೇಕರ್ 1572ರಲ್ಲಿ ರಾಣಿ ಎಲಿಜಬೆತ್‌ಳ ಮಾಸ್ಟರ್ ಶಿಪ್‌ರೈಟ್, ಅಂದರೆ ಮುಖ್ಯ ಹಡಗು ಬಡಗಿ ಆದ. ಫೋರ್‌ಸೈಟ್ (1570), ಡ್ರೆಡ್‌ನಾಟ್ (1573), ವ್ಯಾನ್‌ಗಾರ್ಡ್ (1586), ಮರ್‌ಹಾನರ್ (1590) ಕಟ್ಟಿದ. ನಾವಿಕ ಫ್ರೋಬಿಷರ್ ಉತ್ತರದ ಹಿಮದ ಕಡೆ ದಾರಿ ಹುಡುಕೋಕೆ ಹೋದ ಪುಟ್ಟ 'ಗೇಬ್ರಿಯಲ್' ಕೂಡ ಇವನದೇ ಕೆಲಸ, 1576ರಲ್ಲಿ.

ಇಷ್ಟೆಲ್ಲ ಮಾಡಿದವನು ಕೊನೆಗೆ, 79ನೇ ವಯಸ್ಸಿನಲ್ಲಿ, ತಾನೇ ಪಾಠ ಹೇಳಿಕೊಟ್ಟ ಹುಡುಗನ ವಿರುದ್ಧ ರಾಜನ ಮುಂದೆ ನಿಂತು ಸೋತ. ಆ ಹುಡುಗ ಫಿನಿಯಸ್ ಪೆಟ್. ಎಲ್ಲಿ ಓದಿದರೂ 'ವಯಸ್ಸಾದ ಬೇಕರ್‌ಗೆ ಹೊಟ್ಟೆಕಿಚ್ಚು' ಅಂತಲೇ ಇದೆ. ನನಗೆ ಯಾಕೋ ಅದು ಅಷ್ಟು ಸಲೀಸು ಅನ್ನಿಸ್ತಿಲ್ಲ. ನಿಮಗೇನನ್ನಿಸುತ್ತೆ?

ಸುಮ್ನೆ_ಓದೋನು

ಬೇಕರ್ ಅಂದ ಕೂಡಲೇ ಬೇಕರಿ ವಿಷಯ ಅಂತ ಒಳಗೆ ಬಂದೆ. ಬಂದಮೇಲೆ ಕೂತೆ. ಮುಂದುವರಿಸಿ.

ಕಡಲೂರ_ಆಚಾರಿಮಗ

ನಮ್ಮದು ಮಲ್ಪೆ ಕಡೆ. ಅಜ್ಜ, ಅಪ್ಪ ಇಬ್ಬರೂ ಮರದ ದೋಣಿ ಕಟ್ಟಿದವರು. ಅಜ್ಜನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಗೇಣು, ಮೊಳ, ಕಣ್ಣು. ಒಂದು ಹಗ್ಗ ಹಿಡಿದು ಬಿಟ್ಟರೆ ಆ ಬಾಗಿಗೆ ಹಲಗೆ ಬರ್ತಿತ್ತು. ಹಾಗಾದರೆ ಕಾಗದ ಯಾಕೆ ಬೇಕಿತ್ತು ಇವನಿಗೆ? ಕಾಗದದಲ್ಲಿ ಬರೆದರೆ ಹಡಗು ಜಾಸ್ತಿ ಚೆನ್ನಾಗಿ ತೇಲುತ್ತಾ?

ಹಡಗುಹುಚ್ಚು

@ಕಡಲೂರ_ಆಚಾರಿಮಗ ಒಳ್ಳೆ ಪ್ರಶ್ನೆ ಅಣ್ಣ. ಒಂದು ಹಡಗು ಕಟ್ಟೋದಾದರೆ ಕಣ್ಣು ಸಾಕು. ಕಷ್ಟ ಬರೋದು ಇದುವರೆಗೆ ಯಾರೂ ಕಟ್ಟದ ಹಡಗು ಕಟ್ಟುವಾಗ. ಆಗ ಆಗಿದ್ದೂ ಅದೇ.

ಹಳೆ ಕಾಲದ ಯುದ್ಧದ ಹಡಗಿಗೆ ಮುಂದೊಂದು ಹಿಂದೊಂದು ಮರದ ಕೋಟೆ. ಅದರ ಮೇಲೆ ಸೈನಿಕರು. ಶತ್ರು ಹಡಗಿಗೆ ತಾಗಿಸಿ ಹಾರಿ ಹೊಡೆದಾಡೋದು. ಆಮೇಲೆ ದೊಡ್ಡ ಫಿರಂಗಿ ಬಂತು. ಎತ್ತರದ ಕೋಟೆಗೆ ಗಾಳಿ ಬಡಿದು ಹಡಗು ಪಕ್ಕಕ್ಕೆ ಜಾರುತ್ತೆ, ಜೊತೆಗೆ ಮೇಲೆ ಭಾರ. ಬೇಕರ್ ಕಾಲದವರು ಕೋಟೆ ತಗ್ಗಿಸಿದರು, ಒಡಲನ್ನು ಉದ್ದ ಮಾಡಿದರು. ಕೀಲ್ ಅಂತಾರಲ್ಲ, ಅಡಿಯಲ್ಲಿ ಬೆನ್ನೆಲುಬಿನ ಹಾಗೆ ಉದ್ದಕ್ಕೆ ಮಲಗುವ ಮರ, ಅದು ಅಗಲದ ಸುಮಾರು ಮೂರು ಪಟ್ಟು. 1570ರ ಫೋರ್‌ಸೈಟ್ ಈ ಜಾತಿಯ ಮೊದಲ ಹಡಗುಗಳಲ್ಲೊಂದು. ಇಂಥ ಹಡಗಿಗೆ ಅಜ್ಜನ ಕಾಲದ ಅಚ್ಚು ಹೊಂದಲ್ಲ ನೋಡಿ. ಆಕಾರ ಬದಲಾದರೆ ಅಚ್ಚೂ ಬದಲಾಗಬೇಕು. ಕಾಗದದ ಮೇಲಾದರೆ ಹತ್ತು ಸಲ ತಪ್ಪು ಮಾಡಬಹುದು. ಓಕ್ ಮರದಲ್ಲಿ ತಪ್ಪು ಮಾಡಿದರೆ ರಾಣಿಯ ಖಜಾನೆಗೆ ಕನ್ನ.

ಲೆಕ್ಕದಮೇಷ್ಟ್ರು

ನಿವೃತ್ತ ಗಣಿತ ಶಿಕ್ಷಕ. ಹಡಗು ಹತ್ತಿದವನಲ್ಲ, ತೆಪ್ಪ ಕೂಡ ಇಲ್ಲ. ಆದರೆ ಬೇಕರ್‌ನ ಪದ್ಧತಿ ಓದಿದಾಗ ಎಂಟನೇ ಕ್ಲಾಸಿನ ಕಂಪಾಸ್ ಪೆಟ್ಟಿಗೆ ನೆನಪಾಯಿತು.

ಅವನು ಮಾಡುತ್ತಿದ್ದುದು ಇಷ್ಟು. ಹಡಗನ್ನು ನಡುವಿನಲ್ಲಿ ಅಡ್ಡಕ್ಕೆ ಕತ್ತರಿಸಿದಂತೆ ಯೋಚಿಸಿ. ಕಾಣುವ ಅರ್ಧ ಆಕಾರ ಏನಿದೆ, ಅದನ್ನು ಕೈವಾರದಿಂದ ಎಳೆದ ವೃತ್ತದ ತುಂಡುಗಳಿಂದ ಕಟ್ಟುವುದು. ತಳ ಸ್ವಲ್ಪ ದೂರ ಚಪ್ಪಟೆ. ಅಲ್ಲಿಂದ ಒಂದು ಕಂಸ, ಅದಕ್ಕೆ ತಾಗಿ ಇನ್ನೊಂದು ದೊಡ್ಡ ಕಂಸ, ಮೇಲೆ ಒಳಕ್ಕೆ ವಾಲುವ ಮತ್ತೊಂದು. ಒಂದು ಕಂಸ ಮುಗಿದು ಇನ್ನೊಂದು ಶುರುವಾಗುವ ಕಡೆ ಮುರಿತ ಕಾಣಬಾರದು. ಅಂದರೆ ಎರಡು ವೃತ್ತದ ಕೇಂದ್ರಗಳೂ ತಾಗುವ ಬಿಂದುವೂ ಒಂದೇ ಗೆರೆಯಲ್ಲಿರಬೇಕು. ನಮ್ಮ ಹತ್ತನೇ ಕ್ಲಾಸಿನ ಮಕ್ಕಳು ಕಲಿಯುವ ಸ್ಪರ್ಶ ವೃತ್ತಗಳು, ಅಷ್ಟೇ. ನಡುವಿನ ಈ ಆಕಾರ ಸಿಕ್ಕ ಮೇಲೆ ಮೂತಿಯ ಕಡೆಗೂ ಬಾಲದ ಕಡೆಗೂ ಅದನ್ನೇ ಸ್ವಲ್ಪ ಸ್ವಲ್ಪ ಕಿರಿದು ಮಾಡುತ್ತಾ, ತಳವನ್ನು ಮೇಲೆತ್ತುತ್ತಾ ಹೋಗುವುದು. ಎಷ್ಟು ಕಿರಿದು, ಎಷ್ಟು ಎತ್ತರ ಎಂಬುದಕ್ಕೆ ಬೇರೆ ಗೆರೆಗಳು.

ಅವನ ಹೆಸರಿನಲ್ಲೇ ಉಳಿದ ಒಂದು ಲೆಕ್ಕವೂ ಇದೆ, 1582ರದು. ಹಡಗು ಎಷ್ಟು ಟನ್ ಹೊರುತ್ತೆ? ಟನ್ ಅಂದರೆ ಆಗ ಬೋರ್ಡೊ ದ್ರಾಕ್ಷಾರಸದ ದೊಡ್ಡ ಪೀಪಾಯಿ, 252 ಗ್ಯಾಲನ್‌ನದು. ಲಂಡನ್ನಿನ 'ಅಸೆನ್ಷನ್' ಎಂಬ ಹಡಗು 160 ಪೀಪಾಯಿ ಹೊರುತ್ತಿತ್ತು. ಅದರ ಕೀಲ್ 54 ಅಡಿ, ಅಗಲ 24, ಆಳ 12. ಗುಣಿಸಿದರೆ 15,552. ಇದನ್ನು 97.5ರಿಂದ ಭಾಗಿಸಿ. 159.5 ಬರುತ್ತದೆ. ಸರಿಯಾಯಿತಲ್ಲ? ಇನ್ನು ಯಾವ ಹಡಗು ಬಂದರೂ ಮೂರು ಅಳತೆ ಗುಣಿಸು, ಸುಮಾರು ನೂರರಿಂದ ಭಾಗಿಸು, ಮುಗಿಯಿತು. ಪೀಪಾಯಿ ತುಂಬಿ ಎಣಿಸುವ ಗೋಜೇ ಇಲ್ಲ.

ಇದು ಬರೀ ಕುತೂಹಲದ ಲೆಕ್ಕವಲ್ಲ. ದೊಡ್ಡ ಹಡಗು ಕಟ್ಟಿದ ವ್ಯಾಪಾರಿಗೆ ಸರ್ಕಾರ ಟನ್ನಿಗೆ ಇಷ್ಟು ಅಂತ ಇನಾಮು ಕೊಡುತ್ತಿತ್ತು. ದುಡ್ಡಿನ ವಿಷಯ ಬಂದಾಗ ಅಳತೆ ಬೇಕೇ ಬೇಕು.

ಸುಮ್ನೆ_ಓದೋನು

ಮೇಷ್ಟ್ರೇ, ಶಾಲೆಯಲ್ಲಿ ಯಾರಾದರೂ ಹೀಗೆ ಪೀಪಾಯಿ ಲೆಕ್ಕದಲ್ಲಿ ಹೇಳಿಕೊಟ್ಟಿದ್ದರೆ ನಾನು ಕಾಮರ್ಸ್ ತಗೊಳ್ತಿರಲಿಲ್ಲ.

ಥೇಮ್ಸ್_ದಂಡೆಯವಳು

ನಾನು ಲಂಡನ್ನಿನ ಗ್ರೀನಿಚ್ ಹತ್ತಿರ ಇರೋದು. ಬೇಕರ್, ಪೆಟ್ ಎಲ್ಲ ಕೆಲಸ ಮಾಡಿದ ಡೆಟ್‌ಫರ್ಡ್ ಹಡಗುಕಟ್ಟೆ ಇಲ್ಲಿಂದ ನಡೆದು ಹೋಗುವಷ್ಟು ದೂರ. ಈಗ ಆ ಜಾಗಕ್ಕೆ ಬೇಲಿ ಹಾಕಿದ್ದಾರೆ. ಮಾಸ್ಟರ್ ಶಿಪ್‌ರೈಟ್ ಮನೆ ಅಂತ ಒಂದು ಉಳಿದಿದೆ, ಆದರೆ ಅದು 1708ರದ್ದು, ಬೇಕರ್ ಸತ್ತು ಸುಮಾರು ನೂರು ವರ್ಷದ ನಂತರದ್ದು. ಇಳಿತದ ಹೊತ್ತಿಗೆ ನದಿ ಮೆಟ್ಟಿಲಿಳಿದು ನಿಂತರೆ ಕೆಸರಲ್ಲಿ ಕಪ್ಪು ಮರದ ದಿಮ್ಮಿಗಳು, ತುಕ್ಕು ಹಿಡಿದ ದಪ್ಪ ಮೊಳೆಗಳು ಕಾಣಿಸ್ತವೆ. ಪರವಾನಗಿ ಇಲ್ಲದೆ ಒಂದನ್ನೂ ಎತ್ತಿಕೊಳ್ಳೋ ಹಾಗಿಲ್ಲ. ಯಾವ ಕಾಲದ ಮೊಳೆಯೋ ಏನೋ, ನೋಡಿ ಬರ್ತೀನಿ ಅಷ್ಟೇ.

ಬೇಕರ್‌ನ ಹಾಳೆಗಳು ಇರೋದು ಕೇಂಬ್ರಿಜ್‌ನಲ್ಲಿ, ಮಾಡ್ಲಿನ್ ಕಾಲೇಜಿನ ಪೀಪ್ಸ್ ಗ್ರಂಥಾಲಯದಲ್ಲಿ. ಸ್ಯಾಮ್ಯುಯೆಲ್ ಪೀಪ್ಸ್ ಗೊತ್ತಲ್ಲ, ಡೈರಿ ಬರೆದವನು, ನೌಕಾಪಡೆಯ ಅಧಿಕಾರಿ. 'ಪುರಾತನ ಇಂಗ್ಲಿಷ್ ಹಡಗುಗಾರಿಕೆಯ ತುಣುಕುಗಳು' ಅಂತ ಅರ್ಥ ಬರುವ ಹೆಸರಿಟ್ಟವನು ಅವನೇ. ಬೇಕರ್ ಹೆಸರಿಡದೆ ಹೋಗಿದ್ದ. ಪೀಪ್ಸ್‌ನ ಪುಸ್ತಕಗಳು 3000, ಸಣ್ಣದರಿಂದ ದೊಡ್ಡದಕ್ಕೆ ಎತ್ತರದ ಪ್ರಕಾರ ಜೋಡಿಸಿದ್ದಾನೆ. ಒಂದು ಸೇರಿಸಬಾರದು, ಒಂದು ತೆಗೆಯಬಾರದು ಅಂತ ಉಯಿಲು. ನಮ್ಮಮ್ಮ ಡಬ್ಬಿ ಜೋಡಿಸೋದೂ ಹೀಗೇ.

ಆ ಹಾಳೆಗಳಲ್ಲಿ ಎರಡು ಚಿತ್ರ ತುಂಬ ಹೆಸರುವಾಸಿ. ಒಂದರಲ್ಲಿ ಒಬ್ಬ ಮೇಜಿನ ಮುಂದೆ ಭಾರೀ ಕೈವಾರ ಹಿಡಿದು ನಕ್ಷೆ ಬರೀತಾ ಇದ್ದಾನೆ, ಪಕ್ಕದಲ್ಲಿ ಸಹಾಯಕ. ಕೈಯಲ್ಲಿ ಕೊಡಲಿ ಇಲ್ಲ, ಬಾಚಿ ಇಲ್ಲ. ಆ ಕಾಲಕ್ಕೆ ಹಡಗು ಬಡಗಿಯನ್ನ ಹೀಗೆ ತೋರಿಸೋದೇ ಒಂದು ಜಂಭ. ಇನ್ನೊಂದರಲ್ಲಿ ಹಡಗಿನ ಒಡಲೊಳಗೆ ಒಂದು ಮೀನು ಬರೆದಿದ್ದಾನೆ. ತಲೆ ದಪ್ಪ ಮುಂದಕ್ಕೆ, ಬಾಲ ಸಣ್ಣಗೆ ಹಿಂದಕ್ಕೆ. ನೀರಿನ ಕೆಳಗಿನ ಹಡಗು ಈ ಥರ ಇರಬೇಕು ಅಂತ.

ಕಡಲೂರ_ಆಚಾರಿಮಗ

ಮೀನಿನ ಚಿತ್ರ ಹುಡುಕಿ ನೋಡಿದೆ ಅಕ್ಕ. ತಲೆ ಬಂಗುಡೆಯದಲ್ಲ, ಬಂಗುಡೆ ಮೂತಿ ಚೂಪು. ಬಾಲದ ಕಡೆ ಬೇಕಾದರೆ ಬಂಗುಡೆ ಅನ್ನಬಹುದು. ಅಪ್ಪನಿಗೆ ತೋರಿಸಿದೆ. ಒಂದು ನಿಮಿಷ ನೋಡಿ, 'ಇವನಿಗೆ ನೀರು ಗೊತ್ತಿದೆ' ಅಂದರು. ನಾನು ಕಟ್ಟಿದ ಶೆಡ್ಡಿಗೂ ಇಷ್ಟು ಹೇಳಿರಲಿಲ್ಲ.

ಅಡ್ಡಮಾತು

ಎಲ್ಲ ಸರಿ. ಬೇಕರ್ ಬುದ್ಧಿವಂತ, ಒಪ್ಪೋಣ. 1593ರಲ್ಲಿ ಗೇಬ್ರಿಯಲ್ ಹಾರ್ವೆ ಅನ್ನೋ ವಿದ್ವಾಂಸ, ಓದಿದವರು ಕಸುಬುದಾರರನ್ನು ಕಡೆಗಣಿಸಬಾರದು ಅಂತ ಹೇಳುತ್ತಾ ಹೆಸರಿಸಿದ ಪಟ್ಟಿಯಲ್ಲೂ ಬೇಕರ್ ಇದ್ದಾನೆ. ಆದರೆ ಮೂಲ ಪ್ರಶ್ನೆ ಹೊಟ್ಟೆಕಿಚ್ಚಿನದಲ್ವಾ? ಅದನ್ನ ಯಾರೂ ಮುಟ್ತಾನೇ ಇಲ್ಲ.

ಬೇಕರ್‌ಗೆ ಜಗಳ ಹೊಸದಲ್ಲ ಸ್ವಾಮಿ. ಮೊದಲ ಎದುರಾಳಿ ಫಿನಿಯಸ್‌ನ ಅಪ್ಪ ಪೀಟರ್ ಪೆಟ್. 1573ರಲ್ಲಿ ಡೆಟ್‌ಫರ್ಡ್‌ನಲ್ಲೇ ಬೇಕರ್ ಡ್ರೆಡ್‌ನಾಟ್ ಕಟ್ಟಿದ, ಪೀಟರ್ ಸ್ವಿಫ್ಟ್‌ಷೂರ್ ಕಟ್ಟಿದ. 1586ರಲ್ಲಿ ಮತ್ತೆ: ಬೇಕರ್‌ದು ವೂಲಿಚ್‌ನಲ್ಲಿ ವ್ಯಾನ್‌ಗಾರ್ಡ್, ಪೀಟರ್‌ದು ಡೆಟ್‌ಫರ್ಡ್‌ನಲ್ಲಿ ರೇನ್‌ಬೋ. ಜೋಡಿ ಜೋಡಿ ಹಡಗು, ಇಬ್ಬರು ಮೇಸ್ತ್ರಿ. ಮೂರನೆಯವನು ರಿಚರ್ಡ್ ಚಾಪ್‌ಮನ್, ಆರ್ಕ್ ರಾಯಲ್ ಕಟ್ಟಿದವನು. 1590ರಲ್ಲಂತೂ ಮೂವರಿಗೂ ಒಂದೊಂದು: ಮರ್‌ಹಾನರ್, ಡಿಫಯನ್ಸ್, ಗಾರ್ಲಂಡ್. ಒಂದೇ ಬೀದಿಯಲ್ಲಿ ಮೂರು ದರ್ಜಿ ಅಂಗಡಿ ಇದ್ದ ಹಾಗೆ.

ಇದೇ ಎದುರಾಳಿ ಪೀಟರ್ ಜೊತೆ ಬೇಕರ್ ಒಂದಾಗಿದ್ದು ಯಾವಾಗ ಗೊತ್ತಾ? ಜಾನ್ ಹಾಕಿನ್ಸ್‌ನ ಮೇಲೆ ಬೀಳುವಾಗ. ಹಾಕಿನ್ಸ್ ನೌಕಾಪಡೆಯ ಖಜಾಂಚಿ (ಗುಲಾಮರ ವ್ಯಾಪಾರ ಮಾಡಿದ ಕೊಳಕು ಮನುಷ್ಯ, ಅದು ಬೇರೆ ಮಾತು). 1579ರಲ್ಲಿ ಆತ ಖರ್ಚು ಕಡಿಮೆ ಮಾಡೋಕೆ ಗುತ್ತಿಗೆ ಪದ್ಧತಿ ತಂದ. ಹಡಗುಗಳ ಮಾಮೂಲಿ ರಿಪೇರಿಗೆ ಬೇಕರ್ ಮತ್ತು ಪೀಟರ್ ಇಬ್ಬರಿಗೂ ಸೇರಿ ವರ್ಷಕ್ಕೆ 1000 ಪೌಂಡ್. 1585ರಲ್ಲಿ ಹಾಕಿನ್ಸ್ ಆ ಕೆಲಸವನ್ನೂ ತನ್ನ ಕೈಗೇ ತಗೊಂಡ. ಇವರ ಗುತ್ತಿಗೆ ಹೋಯ್ತು. ಹೋದ ಮೇಲೆ ಇಬ್ಬರಿಗೂ ಜ್ಞಾನೋದಯ: 'ಅಯ್ಯೋ, ರಾಣಿಯ ಹಡಗುಗಳೆಲ್ಲ ಹಾಳಾಗ್ತಿವೆ!' 1587ರಲ್ಲಿ ವರದಿ ಕೂಡ ಕೊಟ್ಟರು.

ಮುಂದಿನ ವರ್ಷ ಏನಾಯ್ತು? 1588. ಸ್ಪೇನ್‌ನ ಆರ್ಮಡಾ, ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದ ಭಾರೀ ಹಡಗುಪಡೆ. ಇಂಗ್ಲೆಂಡಿನ ನೌಕಾಪಡೆಯ ಮುಖ್ಯಸ್ಥ, ಲಾರ್ಡ್ ಅಡ್ಮಿರಲ್ ಚಾರ್ಲ್ಸ್ ಹೋವರ್ಡ್, ಫೆಬ್ರುವರಿಯಲ್ಲಿ ಒಂದೊಂದು ಹಡಗಿನಲ್ಲೂ ಮನುಷ್ಯ ತೆವಳಿ ಹೋಗುವಷ್ಟು ಜಾಗಕ್ಕೂ ಹೋಗಿ ನೋಡಿದ. ಇವುಗಳಲ್ಲಿ ಒಂದಕ್ಕೂ ಸೋರುವುದು ಅಂದರೇನು ಅಂತಲೇ ಗೊತ್ತಿಲ್ಲ ಅಂತ ಪತ್ರ ಬರೆದ. ಎಲಿಜಬೆತ್ ಬೊನಾವೆಂಚರ್ ಮರಳಿಗೆ ಹತ್ತಿ ಕೂತಾಗಲೂ ಒಳಗೆ ಒಂದು ಚಮಚ ನೀರು ಬರಲಿಲ್ಲವಂತೆ.

ಅಂದರೆ ಗುತ್ತಿಗೆ ಕೈತಪ್ಪಿದರೆ ದೂರು ಕೊಡೋದು ಈ ಮನುಷ್ಯನ ಚಾಳಿ. ಇಪ್ಪತ್ತು ವರ್ಷದ ಮೇಲೆ ಫಿನಿಯಸ್‌ಗೂ ಅದೇ ಮಾಡಿದ.

ಹಡಗುಹುಚ್ಚು

@ಅಡ್ಡಮಾತು ಸತ್ಯ ಹೇಳಬೇಕಂದರೆ ಹಾಕಿನ್ಸ್ ವಿಷಯದಲ್ಲಿ ನನ್ನ ಹತ್ತಿರ ಉತ್ತರ ಇಲ್ಲ. ಅಲ್ಲಿ ಬೇಕರ್ ಎಡವಿದ. ಆ ವರ್ಷ ಚೆನ್ನಾಗಿ ಕಾದಾಡಿದ ಹಡಗುಗಳಲ್ಲಿ ಅವನದೇ ವ್ಯಾನ್‌ಗಾರ್ಡ್ ಇತ್ತು ಅನ್ನೋದು ತಮಾಷೆ. ಆರ್ಮಡಾ ಜೊತೆಗಿನ ಗ್ರ್ಯಾವ್‌ಲೈನ್ಸ್ ಕಾಳಗದಲ್ಲಿ ಅದರಿಂದ 500 ಗುಂಡು ಹಾರಿಸಿದೆವು ಅಂತ ಅದರಲ್ಲಿದ್ದ ವಿಲಿಯಂ ವಿಂಟರ್ ಬರೆದಿದ್ದಾನೆ. ಫಿರಂಗಿಯೊಂದು ಮಗುಚಿ ಅವನ ಸೊಂಟಕ್ಕೇ ಏಟು ಬಿತ್ತು. ಬೇಕರ್ 'ಹಾಳಾಗಿದೆ' ಅಂದ ಹಡಗುಗಳು ಬೇಕರ್‌ನ ಮಾತನ್ನೇ ಸುಳ್ಳು ಮಾಡಿದವು.

ಆದರೆ ಒಂದು ಸಲ ಸುಳ್ಳಾದವನು ಪ್ರತಿಸಲವೂ ಸುಳ್ಳು ಅನ್ನೋಕಾಗುತ್ತಾ? ಫಿನಿಯಸ್ ಕಥೆ ಪೂರ್ತಿ ಹೇಳ್ತೀನಿ.

ಫಿನಿಯಸ್ 1570ರಲ್ಲಿ ಹುಟ್ಟಿದ. ಕೇಂಬ್ರಿಜ್‌ನ ಇಮ್ಯಾನ್ಯುಯೆಲ್ ಕಾಲೇಜಿನಲ್ಲಿ ಓದ್ತಾ ಇದ್ದ. 1589ರಲ್ಲಿ ಅಪ್ಪ ಪೀಟರ್ ತೀರಿಕೊಂಡ. ದುಡ್ಡಿಲ್ಲ. ಚಾಪ್‌ಮನ್ ಹತ್ತಿರ ಕೆಲಸ ಕಲಿಯೋಕೆ ಸೇರಿದ, ಅವನೂ ಎರಡು ಮೂರು ವರ್ಷಕ್ಕೆ ಸತ್ತ. ಹುಡುಗ ಸಮುದ್ರಕ್ಕೆ ಹೋದ, ಬಂದ, ಪರದಾಡಿದ. 1595ರ ಹೊತ್ತಿಗೆ ಚಳಿಗಾಲದ ಸಂಜೆಗಳಲ್ಲಿ ಲೆಕ್ಕ, ನಕ್ಷೆ ಅಭ್ಯಾಸ ಮಾಡೋಕೆ ಕೂತ. ಆಗ ಹೇಳಿಕೊಟ್ಟವನು ಬೇಕರ್! ಅಪ್ಪನ ಎದುರಾಳಿ. ತನಗೆ ಅತಿ ಹೆಚ್ಚು ಬೆಳಕು ಸಿಕ್ಕಿದ್ದು ಬೇಕರ್‌ನಿಂದ ಅಂತ ಫಿನಿಯಸ್ ತನ್ನ ಆತ್ಮಕಥೆಯಲ್ಲಿ ತಾನೇ ಬರೆದುಕೊಂಡಿದ್ದಾನೆ. 65 ವರ್ಷದ ಬೇಕರ್, ಮೇಣದ ಬತ್ತಿ, ಎದುರಾಳಿಯ ಮಗ. ಹೊಟ್ಟೆಕಿಚ್ಚಿನ ಮನುಷ್ಯ ಹೀಗೆ ಕೂರಿಸಿಕೊಂಡು ಹೇಳಿಕೊಡ್ತಾನಾ?

ಆಮೇಲೆ ಫಿನಿಯಸ್ ಏರಿದ. 1604ರಲ್ಲಿ ಪುಟ್ಟ ರಾಜಕುಮಾರ ಹೆನ್ರಿಗೆ ಆಟ ಆಡೋಕೆ ಒಂದು ಪುಟಾಣಿ ಹಡಗು ಕಟ್ಟಿಕೊಟ್ಟ, ಬಣ್ಣ ಬಾವುಟ ಎಲ್ಲ ಹಾಕಿ. ರಾಜಕುಮಾರ ಫಿದಾ. ಲಾರ್ಡ್ ಅಡ್ಮಿರಲ್ ಬೆನ್ನಿಗಿದ್ದ. 1608ರಲ್ಲಿ ವೂಲಿಚ್‌ನಲ್ಲಿ ಪ್ರಿನ್ಸ್ ರಾಯಲ್‌ಗೆ ಕೀಲ್ ಇಟ್ಟ. ಮೂರು ಫಿರಂಗಿ ಅಟ್ಟದ ಹಡಗು, 1200 ಟನ್, ಇಂಗ್ಲೆಂಡ್ ಅಂಥದ್ದನ್ನು ಕಂಡಿರಲಿಲ್ಲ. ಬೇಕರ್, ಬ್ರೈಟ್, ಸ್ಟೀವನ್ಸ್ ಅನ್ನೋ ಹಿರಿಯ ಹಡಗು ಬಡಗಿಗಳು, ಜಾರ್ಜ್ ವೇಮತ್ ಅನ್ನೋ ನಾವಿಕ ಆಕ್ಷೇಪ ಎತ್ತಿದರು. ಅವರ ಹಿಂದೆ ಲಾರ್ಡ್ ನಾರ್ತಾಂಪ್ಟನ್ ಇದ್ದ, ಅವನಿಗೂ ಅಡ್ಮಿರಲ್‌ಗೂ ಆಗಿಬರಲ್ಲ. ದೂರು ಎರಡು. ಅಳತೆ ತಪ್ಪು, ತಳ ಅತಿ ಅಗಲ. ಮರ ಕೆಟ್ಟದ್ದು, ಅಡ್ಡ ಎಳೆ ಇರೋದು (ಅಂದರೆ ನಾರು ನೇರಕ್ಕೆ ಓಡದೆ ಅಡ್ಡಕ್ಕೆ ಓಡಿದ್ದು), ಹಸಿಯದು.

1609ರ ಮೇ 8. ರಾಜ ಜೇಮ್ಸ್ ಸ್ವತಃ ವೂಲಿಚ್‌ಗೆ ಬಂದ. ಇಡೀ ದಿನ ವಿಚಾರಣೆ. ಫಿನಿಯಸ್ ಮಂಡಿಯೂರಿ ಉತ್ತರ ಕೊಟ್ಟ. ತಳ ಅಳೆಯೋಕೆ ಗ್ರೆಶಮ್ ಕಾಲೇಜಿನ ಗಣಿತಜ್ಞ ಹೆನ್ರಿ ಬ್ರಿಗ್ಸ್‌ನನ್ನು ಕಳಿಸಿದರು. ಅಳೆದರೆ ಫಿನಿಯಸ್ ಹೇಳಿದ್ದೇ ಸರಿ! ಆಮೇಲೆ ರಾಜ ಮರ ನೋಡಿದ. 'ಅಡ್ಡ ಎಳೆ ಇರೋದು ಮರದಲ್ಲಲ್ಲ, ಈ ಮನುಷ್ಯರಲ್ಲಿ' ಅಂದ. ಹದಿನೈದರ ರಾಜಕುಮಾರ ಹೆನ್ರಿ ಇನ್ನೂ ಮುಂದೆ ಹೋಗಿ, ಸುಳ್ಳು ಹೇಳಿದ ಇವರನ್ನ ಗಲ್ಲಿಗೆ ಹಾಕಬೇಡವೇ ಅಂತ ಕೂಗಿದ. ಬೇಕರ್ ಕಡೆಯವರು ತಲೆ ತಗ್ಗಿಸಿ ಹೋದರು.

ಅಡ್ಡಮಾತು

ನೋಡಿ, ನೀವೇ ಹೇಳಿದಿರಿ. ಗಣಿತಜ್ಞ ಅಳೆದ, ತಪ್ಪಿಲ್ಲ ಅಂತ ಬಂತು. ಕಾಗದದ ಹಡಗಿನ ಪಿತಾಮಹ ಕಾಗದದ ಅಳತೆಯಲ್ಲೇ ಸೋತ. ನನ್ನ ಹೆಸರು ರಾಜನ ಮಾತಿಗೆ ಹೊಂದಿಕೊಂಡಿತು ಅಂತ ಖುಷಿ ಬೇರೆ.

ಕಡಲೂರ_ಆಚಾರಿಮಗ

ಒಂದು ನಿಮಿಷ. ಅಳತೆ ಸರಿ ಅಂತ ಬಂತು. ಮರ ಹಸಿ ಅಂದರಲ್ಲ, ಅದು ಏನಾಯ್ತು?

ಕೇಳೋಕೆ ಕಾರಣ ಇದೆ. ಹಸಿ ಮರ ಅವತ್ತೇ ನೋಡಿದರೆ ಗೊತ್ತಾಗಲ್ಲ. ಕಣ್ಣಿಗೆ ಚೆಂದ ಇರುತ್ತೆ, ಉಳಿ ಬೆಣ್ಣೆ ಹಾಗೆ ಓಡುತ್ತೆ. ಕೆಲಸ ಬೇಗ ಆಗುತ್ತೆ. ಒಣಗ್ತಾ ಒಣಗ್ತಾ ಕುಗ್ಗುತ್ತೆ, ಹಲಗೆ ನಡುವೆ ಸಂದಿ ಬಿಡುತ್ತೆ. ಒಳಗೆ ಗಾಳಿ ಆಡದ ಕಡೆ ಬೂಸ್ಟು. ನಾಲ್ಕೈದು ಮಳೆಗಾಲ ಆದಮೇಲೆ ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತೆ. ನಮ್ಮ ಮನೆಯಲ್ಲೇ ಆಗಿದೆ. ಒಬ್ಬ ಗಿರಾಕಿ ಅವಸರ ಮಾಡಿದ, ಅಪ್ಪ ಮರ ಒಣಗಲಿ ಅಂದರೂ ಕೇಳಲಿಲ್ಲ. ಮೂರನೇ ವರ್ಷ ಅದೇ ಮನುಷ್ಯ ಬಂದು ಅಂಗಳದಲ್ಲಿ ನಿಂತು ಬೈದು ಹೋದ. ಹೊಸ ಹಡಗಿನ ಮರ ರಾಜ ಒಂದು ಮಧ್ಯಾಹ್ನ ನೋಡಿ ಸರಿ ಅಂದರೆ ಅದು ತೀರ್ಪು ಆಗಲ್ಲ.

ಹಡಗುಹುಚ್ಚು

ಅಣ್ಣ, ನೀವು ಬೇಕರ್ ಕಡೆಯ ವಕೀಲರಾಗಬೇಕಿತ್ತು!

ಆಮೇಲೆ ಆಗಿದ್ದು ಇದು. 1610ರ ಸೆಪ್ಟೆಂಬರ್ 24, ಪ್ರಿನ್ಸ್ ರಾಯಲ್ ನೀರಿಗಿಳಿಯೋ ದಿನ. ರಾಜ, ರಾಣಿ, ರಾಜಕುಮಾರ, ದೊಡ್ಡ ಜನಜಾತ್ರೆ. ಹಡಗು ಕಟ್ಟೆಯ ಬಾಗಿಲಲ್ಲೇ ಸಿಕ್ಕಿಹಾಕಿಕೊಂಡಿತು. ಬಾಗಿಲು ಕಿರಿದು. ಉಬ್ಬರ ಇಳಿದುಹೋಯ್ತು, ಬಂದವರೆಲ್ಲ ಮನೆಗೆ ಹೋದರು. ನಡುರಾತ್ರಿ ಮಳೆಗಾಳಿಯಲ್ಲಿ ರಾಜಕುಮಾರ ಮತ್ತೆ ಬಂದ, ಮುಂದಿನ ಉಬ್ಬರಕ್ಕೆ ಇಳಿಸಿದರು. ಇದನ್ನೂ ಫಿನಿಯಸ್ಸೇ ಬರೆದಿದ್ದಾನೆ, ಪಾಪ, ಅದನ್ನ ಮುಚ್ಚಿಟ್ಟಿಲ್ಲ.

ಇನ್ನು ಮರ. ಅಂದಾಜು 775 ಲೋಡು ಅಂತ ಕೊಟ್ಟಿದ್ದ ಫಿನಿಯಸ್. ಆಗಿದ್ದು 1627 ಲೋಡು. ಎರಡು ಪಟ್ಟಿಗೂ ಜಾಸ್ತಿ. ಖರ್ಚು ಸುಮಾರು 20,000 ಪೌಂಡ್. 1621ಕ್ಕೆ, ಅಂದರೆ ಹನ್ನೊಂದೇ ವರ್ಷಕ್ಕೆ, ಹಡಗನ್ನು ಸಮುದ್ರಕ್ಕೆ ಹೋಗುವ ಹಾಗೆ ಮಾಡೋಕೆ 6000 ಪೌಂಡ್ ಬೇಕು ಅಂತ ವರದಿ ಬಂತು. ಕಾರಣ? ಮೊದಲೇ ಕೊಳೆಯಲು ಶುರುವಾದ, ಹಸಿ, ಒಣಗಿಸದ ಮರ.

ಸುಮ್ನೆ_ಓದೋನು

775 ಹೇಳಿ 1627. ನಮ್ಮ ಮನೆ ಕಂಟ್ರಾಕ್ಟರ್ ನೆನಪಾದರು. ಹೆಸರು ಹೇಳಲ್ಲ.

ಥೇಮ್ಸ್_ದಂಡೆಯವಳು

ಒಂದು ವಿಷಯ ಯಾರೂ ಗಮನಿಸಿಲ್ಲ ಅನ್ಸುತ್ತೆ. 1588ರಲ್ಲಿ ಹಡಗುಗಳಲ್ಲಿ ತೆವಳಿ ನೋಡಿ, ಸೋರೋದೇ ಇಲ್ಲ ಅಂದ ಹೋವರ್ಡ್ ಯಾರು? 1609ರಲ್ಲಿ ಫಿನಿಯಸ್ ಬೆನ್ನಿಗಿದ್ದ ಲಾರ್ಡ್ ಅಡ್ಮಿರಲ್ ನಾಟಿಂಗ್‌ಹ್ಯಾಮ್ ಯಾರು? ಇಬ್ಬರೂ ಒಬ್ಬನೇ. ಚಾರ್ಲ್ಸ್ ಹೋವರ್ಡ್, ಆಮೇಲೆ ನಾಟಿಂಗ್‌ಹ್ಯಾಮ್‌ನ ಅರ್ಲ್ ಆದ. 1585ರಿಂದ 1619ರವರೆಗೆ ಅವನೇ ಅಡ್ಮಿರಲ್. ಎರಡು ಸಲವೂ ಬೇಕರ್ ಎದುರಿಗೆ ನಿಂತದ್ದು ಇದೇ ಮನುಷ್ಯ. ಮೊದಲ ಸಲ ಹೋವರ್ಡ್ ತಾನೇ ಒಳಗೆ ತೆವಳಿ ನೋಡಿದ್ದ. ಎರಡನೇ ಸಲ ಅವನಿಗೆ ಎಪ್ಪತ್ತು ದಾಟಿತ್ತು, ಸುತ್ತ ಇದ್ದವರೇ ಕಣ್ಣು. ಆ ಸುತ್ತಲಿನವರಲ್ಲಿ ಮ್ಯಾನ್ಸೆಲ್, ಟ್ರೆವರ್ ಅನ್ನೋ ಅಧಿಕಾರಿಗಳು. ಫಿನಿಯಸ್ ಅವರ ಜೊತೆ ಪಾಲುದಾರಿಕೆಯಲ್ಲಿ 'ರೆಸಿಸ್ಟೆನ್ಸ್' ಅಂತ ಖಾಸಗಿ ಹಡಗು ಕಟ್ಟಿದ್ದ. ಅದಕ್ಕೆ ಹೋಗಿದ್ದು ರಾಜನ ಉಗ್ರಾಣದ ಸಾಮಾನು ಅನ್ನೋ ಆರೋಪ ಇತ್ತು.

ಇನ್ನೊಂದು. ಆ ವಿಚಾರಣೆಯ ಬಗ್ಗೆ ನಮಗೆ ಗೊತ್ತಿರೋ ಬಣ್ಣದ ಮಾತುಗಳೆಲ್ಲ, ಅಡ್ಡ ಎಳೆ, ಗಲ್ಲು, ಮಂಡಿಯೂರಿದ್ದು, ಎಲ್ಲ ಬಂದಿರೋದು ಫಿನಿಯಸ್‌ನ ಆತ್ಮಕಥೆಯಿಂದ. ಗೆದ್ದವನು ಬರೆದದ್ದು. ಬೇಕರ್ ಬರೆದಿಟ್ಟಿದ್ದು ಬರೀ ಹಡಗು. ತನ್ನ ಬಗ್ಗೆ ಒಂದು ಕಥೆಯನ್ನೂ ಬಿಟ್ಟುಹೋಗಲಿಲ್ಲ.

ಅಡ್ಡಮಾತು

ಸರಿ ಮೇಡಂ. ಹಸಿ ಮರ ಒಪ್ಪಿದೆ, 1627 ಲೋಡು ಒಪ್ಪಿದೆ. ಆದರೂ ಒಂದು ಮಾತು. ಪ್ರಿನ್ಸ್ ರಾಯಲ್ ಕೆಟ್ಟ ಹಡಗಲ್ಲ. ರಿಪೇರಿ ಆಯ್ತು, 1641ರಲ್ಲಿ ಮತ್ತೆ ಕಟ್ಟಿದರು, 1666ರಲ್ಲಿ ಡಚ್ಚರ ಜೊತೆಗಿನ ನಾಲ್ಕು ದಿನದ ಕಾಳಗದಲ್ಲಿ ಮರಳಿಗೆ ಹತ್ತಿ ಸುಟ್ಟುಹೋಗುವವರೆಗೂ ಇತ್ತು. ಇದೇ ಫಿನಿಯಸ್ ಮತ್ತು ಅವನ ಮಗ ಪೀಟರ್ 1637ರಲ್ಲಿ ಸಾವರಿನ್ ಆಫ್ ದ ಸೀಸ್ ಕಟ್ಟಿದರು. ಕಳ್ಳನೇ ಇರಬಹುದು, ಕೈಯಲ್ಲಿ ವಿದ್ಯೆ ಇತ್ತು.

ಹಡಗುಹುಚ್ಚು

ಆ ವಿದ್ಯೆ ಯಾರು ಹೇಳಿಕೊಟ್ಟಿದ್ದು ಅಂತ ಮತ್ತೆ ಹೇಳಲಾ? 😀

ಲೆಕ್ಕದಮೇಷ್ಟ್ರು

ಎರಡು ದಿನ ಊರಲ್ಲಿ ಇರಲಿಲ್ಲ. ಈಗ ಎಲ್ಲ ಓದಿದೆ. ಬ್ರಿಗ್ಸ್ ಹೆಸರು ಬಂದ ಕಡೆ ನಿಂತುಬಿಟ್ಟೆ.

ತಳ ಅಳೆಯಲು ಬಂದ ಆ ಹೆನ್ರಿ ಬ್ರಿಗ್ಸ್ ಬೇರೆ ಯಾರೂ ಅಲ್ಲ. ಪಿಯುಸಿಯಲ್ಲಿ ನಾವೆಲ್ಲ ಬೆವರು ಸುರಿಸಿ ನೋಡಿದ ಲಾಗ್ ಟೇಬಲ್ ಇದೆಯಲ್ಲ, ಹತ್ತನ್ನು ಆಧಾರವಾಗಿ ಇಟ್ಟುಕೊಂಡದ್ದು, ಅದರ ಕರ್ತೃ ಅವನೇ. ನೇಪಿಯರ್ 1614ರಲ್ಲಿ ಲಾಗರಿದಂ ಪ್ರಕಟಿಸಿದ. ಬ್ರಿಗ್ಸ್ ಅದನ್ನು ಹತ್ತಕ್ಕೆ ಹೊಂದಿಸಿ 1617ರಲ್ಲಿ ಮೊದಲ ಪಟ್ಟಿ ಮುದ್ರಿಸಿದ. ಬೇಕರ್ ಅಷ್ಟರಲ್ಲಿ ತೀರಿಕೊಂಡಿದ್ದ.

ಬೇಕರ್‌ನ ಹಾಳೆಗಳು ಆಮೇಲೆ ಡೆಟ್‌ಫರ್ಡ್‌ನ ಉಗ್ರಾಣ ನೋಡಿಕೊಳ್ಳುತ್ತಿದ್ದ ಜಾನ್ ವೆಲ್ಸ್ ಎಂಬವನ ಕೈಗೆ ಬಂದವು. ಅವನಿಗೂ ಗಣಿತದ ಹುಚ್ಚು. ಖಾಲಿ ಜಾಗ ಕಂಡಲ್ಲೆಲ್ಲ ತನ್ನ ಲೆಕ್ಕ ಬರೆದ. ಬೇಕರ್ ಕೈವಾರದಿಂದ, ವರ್ಗಮೂಲದಿಂದ ಕಷ್ಟಪಟ್ಟು ಮಾಡಿದ್ದನ್ನು ವೆಲ್ಸ್ ಲಾಗರಿದಂ ಹಾಕಿ ಮಾಡಿದ್ದಾನೆ, ಅದೂ ಅದೇ ಪುಸ್ತಕದಲ್ಲಿ. ಬೇಕರ್ ಕಡೆಯವರ ಅಳತೆಯನ್ನು ತಪ್ಪು ಅಂತ ತೋರಿಸಿದ ಮನುಷ್ಯನ ವಿದ್ಯೆ ಬೇಕರ್‌ನ ಹಾಳೆಗೇ ಬಂದು ಕೂತಿತು. ನನಗೆ ಯಾವ ಜಗಳಕ್ಕಿಂತ ಇದು ಜಾಸ್ತಿ ರುಚಿಸಿತು.

ಕಡಲೂರ_ಆಚಾರಿಮಗ

ಮೇಷ್ಟ್ರೇ, ಆ ಮೂರು ಅಳತೆಯ ಲೆಕ್ಕ ನಮ್ಮ ಹಳೆ ದೋಣಿಗೆ ಹಾಕಿ ನೋಡಿದೆ. ಅಡಿಮರ 30 ಅಡಿ, ಅಗಲ 9, ಆಳ 4. 11 ಚಿಲ್ಲರೆ ಟನ್ ಬಂತು. ಅಪ್ಪ ನಂಬ್ತಾ ಇಲ್ಲ. ಅಷ್ಟು ಹಾಕಿದರೆ ಹಲಗೆ ಹಿಡಿದುಕೊಂಡು ಈಜಿ ಬರಬೇಕು ಅಂತಾರೆ.

ಲೆಕ್ಕದಮೇಷ್ಟ್ರು

ನಿಮ್ಮ ತಂದೆಯವರು ಸರಿ. ಆ 97.5 ಬಂದದ್ದು ಹೊಟ್ಟೆ ದಪ್ಪಗಿದ್ದ ವ್ಯಾಪಾರದ ಹಡಗಿನಿಂದ. ತೆಳು ಒಡಲಿನ ದೋಣಿಗೆ ಅದು ಹೊಂದುವುದಿಲ್ಲ. ಅವರು ನಿಜವಾಗಿ ಎಷ್ಟು ಹಾಕುತ್ತಿದ್ದರು ಕೇಳಿ ಹೇಳಿ, ನಿಮ್ಮ ದೋಣಿಗೆ ಬೇರೆ ಭಾಜಕ ಹುಡುಕೋಣ.

ಅಡ್ಡಮಾತು

ಅದು ಸಿಕ್ಕರೆ 'ಆಚಾರಿ ಸೂತ್ರ' ಅಂತ ಹೆಸರಿಡಿ. ಹಾಕಿನ್ಸ್ ವಿಷಯ ಮಾತ್ರ ನಾನು ಬಿಡಲ್ಲ, ಬೇರೆ ಚರ್ಚೆ ತೆಗೀತೀನಿ.

ಕಡಲೂರ_ಆಚಾರಿಮಗ

ಅಪ್ಪ ಮಲಗಿದ್ದಾರೆ. ಬೆಳಿಗ್ಗೆ ಕೇಳಿ ಹಾಕ್ತೀನಿ.